ಟೈಲರ್ ಪುಸ್ತಕದಲ್ಲಿದ್ದ ಅಳತೆ

ಕಳೆದ ಯುಗಾದಿಗೆ ಹತ್ತು ದಿನ ಇರುವಾಗ ಅತ್ತೆಯವರಿಗೆ ಎರಡು ರವಿಕೆ ಹೊಲಿಸಲೆಂದು ತೀರ್ಥಹಳ್ಳಿ ಪೇಟೆಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಟೈಲರ್ ಹಳೆಯ ಕಾಲದವರು. ಗಿರಾಕಿಗಳ ಅಳತೆಯನ್ನೆಲ್ಲ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿಡುತ್ತಾರೆ. ಅತ್ತೆಯ ತೋಳಿಗೆ ಟೇಪು ಸುತ್ತಿದವರು ಒಂದು ಕ್ಷಣ ಸುಮ್ಮನಾದರು, ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದರು, ಇನ್ನೊಮ್ಮೆ ಸುತ್ತಿ ನೋಡಿದರು. “ಟೀಚರೇ, ಮೂರು ವರ್ಷದ ಕೆಳಗೆ ಅಮ್ಮಂದು ಹತ್ತೂಮುಕ್ಕಾಲು ಇಂಚು ಇತ್ತು. ಈಗ ಎಂಟೂವರೆ ಬರ್ತಾ ಇದೆ. ಹುಷಾರಿಲ್ವಾ ಅವ್ರಿಗೆ?” ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಅತ್ತೆಯವರಿಗೆ ಅದು ಕೇಳಿಸಿಯೇಬಿಟ್ಟಿತು. “ವಯಸ್ಸಾಯ್ತಲ್ಲ ಮಾರಾಯ, ಇನ್ನು ದಪ್ಪ ಆಗಿ ಎಂತ ಮಾಡ್ಲಿ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅದೇ ವಾರ ನಮ್ಮೂರಿನಲ್ಲಿ ನಡೆದ ಒಂದು ಆರೋಗ್ಯ ತಪಾಸಣಾ ಶಿಬಿರದಲ್ಲಿ ಮನೆಯವರೆಲ್ಲರ ಎತ್ತರ, ತೂಕ ನೋಡಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಕೊಟ್ಟಿದ್ದರು. 52 ವರ್ಷದ ನಮ್ಮನೆಯವರ ಎತ್ತರ 168 ಸೆಂಟಿಮೀಟರ್, ತೂಕ 64 ಕಿಲೋ, ಕಿಲೋ ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ 22.7. 78 ವರ್ಷದ ಅತ್ತೆಯವರ ಎತ್ತರ 145, ತೂಕ 47, ಬಿಎಂಐ 22.4. ಎರಡೂ ಕಾರ್ಡಿನಲ್ಲಿ ಒಂದೇ ಶಬ್ದ: ನಾರ್ಮಲ್. ಒಬ್ಬರ ಹೊಟ್ಟೆ ಅಂಗಿಯ ಗುಂಡಿಯನ್ನು ಎಳೆಯುತ್ತಿತ್ತು, ಇನ್ನೊಬ್ಬರ ಬಳೆಗಳು ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನಾನು, ಪೋಷಣೆಯ ಪಾಠವನ್ನು ವರ್ಷಕ್ಕೊಮ್ಮೆ ಮಾಡುವವಳು, ಆ ಕಾರ್ಡುಗಳನ್ನು ಫ್ರಿಜ್ಜಿನ ಮೇಲಿಟ್ಟು ಸಮಾಧಾನ ಪಟ್ಟುಕೊಂಡಿದ್ದೆ. ಸಂಶಯ ಹುಟ್ಟಿಸಿದ್ದು ಟೈಲರ್ ಪುಸ್ತಕ. ಆಮೇಲಿನ ಎಂಟು ತಿಂಗಳಲ್ಲಿ ಓದಿ, ಕೇಳಿ, ಅಳೆದು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಡಿಕೆ ಬೆಳೆಯುವ ಮನೆಯವರಿಗೆ ಈ ವಿಷಯ ಅರ್ಥವಾಗಲು ದೊಡ್ಡ ಪಾಠವೇನೂ ಬೇಕಾಗಿಲ್ಲ. ‘ಸರಕು’ ಎಂಬ ಮೇಲ್ದರ್ಜೆಯ ಅಡಿಕೆ ಒಂದು ಕ್ವಿಂಟಲ್, ‘ಗೊರಬಲು’ ಎಂಬ ಕೆಳದರ್ಜೆಯದು ಒಂದು ಕ್ವಿಂಟಲ್ ತಕ್ಕಡಿಯಲ್ಲಿ ಸರಿಸಮ ತೂಗುತ್ತವೆ. ಆದರೆ ಶಿವಮೊಗ್ಗದ ಮಂಡಿಯಲ್ಲಿ ಯಾವ ವ್ಯಾಪಾರಿಯೂ ಚೀಲ ಬಿಚ್ಚಿ ಕೈಯಾಡಿಸಿ ನೋಡದೆ ಬರಿ ತೂಕದ ಮೇಲೆ ದರ ಹೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಚೀಲ ಬಿಚ್ಚುವುದೇ ಇಲ್ಲ. ದೇಹದ ತೂಕದಲ್ಲಿ ಎಲುಬು ಎಷ್ಟು, ಸ್ನಾಯು ಎಷ್ಟು, ನೀರು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಕುಳಿತಿರುವುದು ಎಲ್ಲಿ ಎಂಬುದನ್ನು ತೂಕದ ಯಂತ್ರ ಹೇಳುವುದಿಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಮಾತ್ರಕ್ಕೆ ಅದು ಹೇಳಲು ಕಲಿಯುವುದೂ ಇಲ್ಲ.

ಆ ಭಾಗಾಕಾರವನ್ನು ಮೊದಲು ಮಾಡಿದವರು ವೈದ್ಯರೇ ಅಲ್ಲ. ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದಾಗ, ವಯಸ್ಕರ ತೂಕ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಕಂಡುಕೊಂಡರು. ಬೊಜ್ಜಿನ ಚಿಂತೆ ಅವರಿಗಿರಲಿಲ್ಲ. ಅದಾಗಿ ಸುಮಾರು 140 ವರ್ಷಗಳ ಮೇಲೆ, 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಹಲವು ದೇಶಗಳ ಸಾವಿರಾರು ಗಂಡಸರ ಅಳತೆಗಳನ್ನು ಪರಿಶೀಲಿಸಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟರು. ಗುಂಪುಗಳನ್ನು ಹೋಲಿಸಲು ಇದು ಒಳ್ಳೆಯ ಸಾಧನ, ಇಂದಿಗೂ ಹೌದು. ವಿಶ್ವ ಆರೋಗ್ಯ ಸಂಸ್ಥೆ 18.5ಕ್ಕಿಂತ ಕೆಳಗೆ ಕಡಿಮೆ ತೂಕ, 25ರಿಂದ ಅಧಿಕ ತೂಕ, 30ರಿಂದ ಬೊಜ್ಜು ಎಂದು ಗಡಿ ಹಾಕಿತು. ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ, ಹೃದ್ರೋಗಗಳು ಕಾಣಿಸಿಕೊಳ್ಳುವುದರಿಂದ 2004ರಲ್ಲಿ ಅದರ ತಜ್ಞರ ಸಮಿತಿ 23 ಮತ್ತು 27.5 ಎಂಬ ಇನ್ನೆರಡು ಎಚ್ಚರಿಕೆಯ ಹಂತಗಳನ್ನು ಸೇರಿಸಿತು. ಭಾರತದ ವೈದ್ಯರು 2009ರಲ್ಲಿ ಒಮ್ಮತಕ್ಕೆ ಬಂದು 23ನ್ನು ಅಧಿಕ ತೂಕಕ್ಕೂ 25ನ್ನು ಬೊಜ್ಜಿಗೂ ಗಡಿಯಾಗಿ ಇಟ್ಟುಕೊಂಡರು. ನಮ್ಮನೆಯವರ 22.7 ಈ ಹೊಸ ಗಡಿಯೊಳಗೂ ಸುರಕ್ಷಿತವಾಗಿ ನುಸುಳಿಕೊಂಡಿತ್ತು.

ಇದೇ ನುಸುಳುವಿಕೆಯ ಬಗ್ಗೆ ವೈದ್ಯಕೀಯ ಲೋಕದಲ್ಲಿ ಒಂದು ಪ್ರಸಿದ್ಧ ಚಿತ್ರವಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ಎಂಬ ಇಬ್ಬರು ಗೆಳೆಯರು ತಮ್ಮನ್ನೇ ಅಳೆದುಕೊಂಡು, ಪಕ್ಕಪಕ್ಕದಲ್ಲಿ ನಿಂತ ತಮ್ಮ ಫೋಟೊವನ್ನು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಭಾರತೀಯರಲ್ಲಿ ಕೈಕಾಲು ಸಣ್ಣ, ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆ ಮತ್ತು ಬೆನ್ನಿನಲ್ಲಿ ಹೆಚ್ಚು ಎಂಬ ಈ ‘ತೆಳ್ಳಗಿದ್ದೂ ಕೊಬ್ಬಿದ’ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆಂದು ಯಾಜ್ಞಿಕರ ತಂಡ ತೋರಿಸಿದೆ: ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ, ಆದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ನಮ್ಮ ಮಕ್ಕಳು ಹೆಚ್ಚೇನೂ ಹಿಂದೆ ಬಿದ್ದಿರಲಿಲ್ಲ. ಈ ಚಿತ್ರವನ್ನು ನಮ್ಮನೆಯವರಿಗೆ ತೋರಿಸಿದಾಗ ಅವರು ಇಬ್ಬರಲ್ಲಿ ಯಾರು ಯಾರೆಂದು ಕೇಳದೆಯೇ ಮುಖ ತಿರುಗಿಸಿದರು.

ಹೊಟ್ಟೆ ಅಳೆಯುವ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಸುಲಭವೆಂದು ತಿಳಿದು ತಪ್ಪುವುದು ಇಲ್ಲೇ. “ನಂದು ಹತ್ತು ವರ್ಷದಿಂದ ಮೂವತ್ನಾಲ್ಕೇ ಸೊಂಟ” ಎಂಬುದು ನಮ್ಮನೆಯವರ ಹೆಮ್ಮೆಯ ಮಾತು. ಅದು ಪ್ಯಾಂಟಿನ ಸೈಜು, ಸೊಂಟದ್ದಲ್ಲ. ಹೊಟ್ಟೆ ಬಂದಂತೆಲ್ಲ ಗಂಡಸರ ಪ್ಯಾಂಟೂ ಪಂಚೆಯೂ ಹೊಟ್ಟೆಯ ಬುಡಕ್ಕೆ ಇಳಿಯುತ್ತ ಹೋಗುತ್ತವೆ. ಅಲ್ಲಿ ಎಲುಬಿನ ಸುತ್ತಳತೆ ಹತ್ತು ವರ್ಷವಲ್ಲ, ಮೂವತ್ತು ವರ್ಷವಾದರೂ ಹಾಗೆಯೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕ್ರಮದಲ್ಲಿ, ಪಕ್ಕೆಯಲ್ಲಿ ಬೆರಳೊತ್ತಿ ಕೊನೆಯ ಪಕ್ಕೆಲುಬಿನ ಕೆಳಅಂಚನ್ನು ಹುಡುಕಿ ಒಂದು ಚುಕ್ಕಿ ಇಡಬೇಕು. ಅದೇ ಬದಿಯಲ್ಲಿ ಸೊಂಟದ ಎಲುಬಿನ ಮೇಲ್ತುದಿಗೆ ಇನ್ನೊಂದು ಚುಕ್ಕಿ. ಇವೆರಡರ ನಡುಮಧ್ಯದಲ್ಲಿ ಟೇಪು ನೆಲಕ್ಕೆ ಸಮಾನಾಂತರವಾಗಿ ಸುತ್ತಿ ಬರಬೇಕು. ಪಾದಗಳು ಹತ್ತಿರವಿರಬೇಕು, ಕೈ ಇಳಿಬಿಟ್ಟಿರಬೇಕು, ಟೇಪು ಚರ್ಮವನ್ನು ಮುಟ್ಟಬೇಕೇ ಹೊರತು ಕಚ್ಚಬಾರದು, ಮತ್ತು ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಹೊಟ್ಟೆ ಒಳಗೆಳೆದುಕೊಳ್ಳುವವರನ್ನು ಹಿಡಿಯಲು ನನ್ನದೊಂದು ಉಪಾಯವಿದೆ: ಅಳೆಯುವಾಗ ಮಾತಾಡಿಸುವುದು. ಅಡಿಕೆ ರೇಟು ಎಷ್ಟಾಯಿತು ಎಂದು ಕೇಳಿದೆ. ಅವರು ಬೇಸರದಿಂದ ಉತ್ತರ ಕೊಡುತ್ತಿರುವಾಗ ಟೇಪು 95 ಸೆಂಟಿಮೀಟರ್ ತೋರಿಸಿತು, ಅಂದರೆ ಇಂಚಿನಲ್ಲಿ 37ರ ಮೇಲೆ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಇನ್ನೂ ಸುಲಭದ ಲೆಕ್ಕವೆಂದರೆ ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದು. 168ರ ಅರ್ಧ 84. ಕಾರ್ಡಿನಲ್ಲಿ ನಾರ್ಮಲ್ ಆಗಿದ್ದ ಮನುಷ್ಯ ಇಲ್ಲಿ 11 ಸೆಂಟಿಮೀಟರ್ ಆಚೆ ನಿಂತಿದ್ದರು. ಎರಡು ವಾರದ ಮೇಲೆ ಖಾಲಿ ಹೊಟ್ಟೆಯ ಸಕ್ಕರೆ 118 ಎಂದೂ, ಸ್ಕ್ಯಾನಿಂಗಿನಲ್ಲಿ ಪಿತ್ತಜನಕಾಂಗದಲ್ಲಿ ಕೊಬ್ಬು ಇದೆಯೆಂದೂ ರಿಪೋರ್ಟು ಬಂತು. ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಹೆಚ್ಚು ಅಡ್ಡಿ ಮಾಡುವುದರಿಂದ ಟೇಪಿಗೂ ರಕ್ತದ ಸಕ್ಕರೆಗೂ ಈ ನಂಟು.

ಶಿಬಿರದಲ್ಲಿ ಸೊಂಟ ಅಳೆದಿರಲಿಲ್ಲವೇ ಎಂದರೆ, ಅಳೆದಿದ್ದರು. ಗಂಡಸರಿಗೆ ಅಂಗಿಯ ಮೇಲೆ, ಹೆಂಗಸರಿಗೆ ಸೀರೆಯ ನೆರಿಗೆಯ ಮೇಲೆ. ಆ ಹುಡುಗರನ್ನು ನಾನು ದೂರುವುದಿಲ್ಲ, ಮರೆಗೊಂದು ಪರದೆಯನ್ನಾದರೂ ಯಾರೂ ಕಟ್ಟಿಕೊಟ್ಟಿರಲಿಲ್ಲ. ಸರಿಯಾಗಿ ಅಳೆದರೆ ಏನು ಹೊರಬರುತ್ತದೆ ಎಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳೇ ಸಾಕು: ದೇಶದ ಹೆಂಗಸರಲ್ಲಿ ಬಿಎಂಐ 25 ಮುಟ್ಟಿದವರು ಶೇ 24, ಸೊಂಟ ಮತ್ತು ನಿತಂಬದ ಸುತ್ತಳತೆಗಳ ಅನುಪಾತ 0.85 ಅಥವಾ ಅದಕ್ಕಿಂತ ಹೆಚ್ಚಿದ್ದವರು ಶೇ 56.7. ಅದೇ ಸಮೀಕ್ಷೆಯಲ್ಲಿ 18.5ಕ್ಕಿಂತ ಕೆಳಗಿದ್ದ ಹೆಂಗಸರೂ ಶೇ 18.7 ಇದ್ದರು.

ತಪ್ಪು ಒಂದೇ ದಿಕ್ಕಿಗೆ ಆಗುವುದೂ ಅಲ್ಲ. ನಮ್ಮ ತೋಟಕ್ಕೆ ಅಡಿಕೆ ಕೊನೆ (ಗೊನೆ) ತೆಗೆಯಲು ಬರುವ ಕೊನೆಗೌಡರ ಎತ್ತರ 162, ತೂಕ ಅರವತ್ನಾಲ್ಕೂವರೆ, ಬಿಎಂಐ 24.6. ಅವರ ಕಾರ್ಡಿನಲ್ಲಿ ಅಧಿಕ ತೂಕ ಎಂದು ಕೆಂಪು ಇಂಕಿನಲ್ಲಿ ಬರೆದಿತ್ತು. “ಎಂತ ಟೀಚರೇ, ದಿನಾ ನೂರು ಮರ ಹತ್ತಿ ಇಳಿಯೋನಿಗೆ ಬೊಜ್ಜು ಅಂತಾರಲ್ಲ ಇವ್ರು” ಎಂದು ಅಂಗಳದಲ್ಲಿ ನಿಂತು ಕೇಳಿದರು. ಅವರ ಸೊಂಟ 79 ಸೆಂಟಿಮೀಟರ್, ಎತ್ತರದ ಅರ್ಧಕ್ಕಿಂತ ಕಡಿಮೆ. ತೊಡೆ, ಹೆಗಲು ಕಗ್ಗಲ್ಲು. 1942ರಲ್ಲಿ ಅಮೆರಿಕದ ನೌಕಾದಳದ ವೈದ್ಯ ಆಲ್ಬರ್ಟ್ ಬೆಹ್ನ್ಕೆ, ತೂಕ ಹೆಚ್ಚೆಂದು ಸೈನ್ಯಕ್ಕೆ ಅನರ್ಹರೆನಿಸುತ್ತಿದ್ದ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿ, ಅವರ ಹೆಚ್ಚುವರಿ ತೂಕವೆಲ್ಲ ಸ್ನಾಯು ಎಂದು ತೋರಿಸಿದ್ದು ಇದೇ ಕಾರಣಕ್ಕೆ. ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.9 ಗ್ರಾಂ, ಕೊಬ್ಬಿಲ್ಲದ ಭಾಗದ್ದು ಸುಮಾರು 1.1, ಆದ್ದರಿಂದ ಕೊಬ್ಬು ತೇಲಿಸುತ್ತದೆ, ಸ್ನಾಯು ಮತ್ತು ಎಲುಬು ಮುಳುಗಿಸುತ್ತವೆ. ತುಂಗಾ ಹೊಳೆಯಲ್ಲಿ ಈಜು ಕಲಿತ ಯಾರಿಗಾದರೂ ಇದು ಗೊತ್ತು, ಸೂತ್ರ ಗೊತ್ತಿಲ್ಲದಿರಬಹುದು.

ನೀರಿನ ತೊಟ್ಟಿ ಎಲ್ಲರಿಗೂ ಸಿಗುವಂಥದ್ದಲ್ಲ. ಅದರ ಬದಲಿಗೆ ಬಂದಿದ್ದು ಚರ್ಮದ ಮಡಿಕೆಯನ್ನು ಹಿಡಿದು ಅಳೆಯುವ ಕ್ಯಾಲಿಪರ್ ಎಂಬ ಇಕ್ಕಳ. ಶಿವಮೊಗ್ಗದಲ್ಲಿ ಆಹಾರತಜ್ಞೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಭಾನುವಾರ ಅದನ್ನು ತಂದಿದ್ದಳು. ತೋಳಿನ ಹಿಂಬದಿ, ತೋಳಿನ ಮುಂಬದಿ, ಬೆನ್ನಿನ ರೆಕ್ಕೆ ಎಲುಬಿನ ಕೆಳಗೆ, ಸೊಂಟದ ಎಲುಬಿನ ಮೇಲೆ ಹೀಗೆ ನಾಲ್ಕು ಕಡೆ. ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಸ್ನಾಯುವಿನಿಂದ ಬಿಡಿಸಿ ಎತ್ತಿ ಹಿಡಿದು, ಬೆರಳಿಗಿಂತ ಒಂದು ಸೆಂಟಿಮೀಟರ್ ಕೆಳಗೆ ಇಕ್ಕಳ ಹಾಕಿ, ಎರಡು ಸೆಕೆಂಡು ಕಾದು ಓದಬೇಕು. ಹೆಚ್ಚು ಹೊತ್ತು ಬಿಟ್ಟರೆ ಕೊಬ್ಬು ಅದುಮಿಕೊಂಡು ಸಂಖ್ಯೆ ಇಳಿಯುತ್ತದೆ. ಪ್ರತಿ ಜಾಗದಲ್ಲೂ ಮೂರು ಸಲ. ನಾನು ಹಿಡಿದಾಗ ನಮ್ಮನೆಯವರ ಮೈಯ ಒಂದೇ ಜಾಗದಲ್ಲಿ 13, 17, 11 ಮಿಲಿಮೀಟರ್ ಬಂತು. ಅವಳು ಹಿಡಿದಾಗ 13, 13, 13. ಸಾಧನಕ್ಕಿಂತ ಕೈ ಮುಖ್ಯವೆಂಬುದು ರೊಟ್ಟಿ ತಟ್ಟುವಂತೆ ಇಲ್ಲಿಯೂ ನಿಜ. ತೋಳಿನ ಮುಂದೆ 7, ಹಿಂದೆ 13, ಬೆನ್ನಿನಲ್ಲಿ 24, ಸೊಂಟದಲ್ಲಿ 26, ಒಟ್ಟು 70 ಮಿಲಿಮೀಟರ್. ಡರ್ನಿನ್ ಮತ್ತು ವೊಮರ್ಸ್ಲಿ ಎಂಬವರು 1974ರಲ್ಲಿ ಪ್ರಕಟಿಸಿದ, ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿರುವ ಸಮೀಕರಣಗಳಲ್ಲಿ 50 ದಾಟಿದ ಗಂಡಸರದ್ದನ್ನು ಹಿಡಿದು ಲೆಕ್ಕ ಮಾಡಿದರೆ ಕೊಬ್ಬು ಶೇ 31.6. ತೋಳಿನಲ್ಲಿ ಅಷ್ಟು ಕಡಿಮೆ, ಬೆನ್ನು ಮತ್ತು ಸೊಂಟದಲ್ಲಿ ಅಷ್ಟು ಹೆಚ್ಚು ಎಂಬುದೇ ಯಾಜ್ಞಿಕರು ಹೇಳಿದ ಮೈಕಟ್ಟು. 2018ರಲ್ಲಿ ಬಂದ ಇನ್ನೊಂದು ಸರಳ ಸೂತ್ರವಿದೆ, ಅದಕ್ಕೆ ಇಕ್ಕಳವೂ ಬೇಡ: ಎತ್ತರವನ್ನು ಸೊಂಟದ ಸುತ್ತಳತೆಯಿಂದ ಭಾಗಿಸಿ, 20ರಿಂದ ಗುಣಿಸಿ, ಬಂದದ್ದನ್ನು ಗಂಡಸರಾದರೆ 64ರಿಂದ, ಹೆಂಗಸರಾದರೆ 76ರಿಂದ ಕಳೆಯಬೇಕು. ಅದರಲ್ಲಿ ಶೇ 28.6 ಬಂತು. ಗಂಡಸರಲ್ಲಿ 25ರ ಮೇಲೆ ಹೋದರೆ ಹೆಚ್ಚು ಎಂಬುದು ಸಾಮಾನ್ಯ ತಿಳಿವಳಿಕೆಯಾದ್ದರಿಂದ ಎರಡರಲ್ಲಿ ಯಾವುದನ್ನು ನಂಬಿದರೂ ತೀರ್ಮಾನ ಒಂದೇ.

ಇದರ ನಡುವೆ ಮಗ ಬೆಂಗಳೂರಿನಿಂದ ಕೊಬ್ಬಿನ ಪ್ರಮಾಣ ತೋರಿಸುವ ಗಾಜಿನ ತೂಕದ ಯಂತ್ರವೊಂದನ್ನು ಕಳಿಸಿದ. ಬರಿಗಾಲಲ್ಲಿ ನಿಂತರೆ ಒಂದು ಪಾದದಿಂದ ಇನ್ನೊಂದು ಪಾದಕ್ಕೆ ತೀರಾ ಸಣ್ಣ ವಿದ್ಯುತ್ತನ್ನು ಹರಿಸಿ ಎಷ್ಟು ತಡೆಯಿತೆಂದು ಅದು ನೋಡುತ್ತದೆ. ಕೊಬ್ಬಿಲ್ಲದ ಅಂಗಾಂಶದಲ್ಲಿ ಶೇ 73ರಷ್ಟು ನೀರಿರುವುದರಿಂದ ವಿದ್ಯುತ್ತು ಅದರಲ್ಲಿ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಅಂದರೆ ಯಂತ್ರ ನಿಜವಾಗಿ ಅಂದಾಜು ಮಾಡುವುದು ನೀರನ್ನು. ಕೊಬ್ಬು ಲೆಕ್ಕದಲ್ಲಿ ಉಳಿದ ಶೇಷ. ನಮ್ಮನೆಯವರಿಗೆ ಬೆಳಿಗ್ಗೆ ಎದ್ದ ಕೂಡಲೇ ಶೇ 27, ಸಂಜೆ 24 ತೋರಿಸಿತು. ಒಂದು ದಿನದಲ್ಲಿ ಎರಡು ಕಿಲೋ ಕೊಬ್ಬು ಕರಗಿತೆಂದು ಅವರು ಖುಷಿಯಾದರು. ಸಂಜೆಗೆ ಕಾಲಿಗೆ ಇಳಿದ ನೀರು ಮಾಡಿದ ಕೆಲಸ ಅದು. ಇಂಥ ಯಂತ್ರವನ್ನು ಬಳಸುವವರು ದಿನವೂ ಒಂದೇ ಹೊತ್ತಿನಲ್ಲಿ, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು ನಿಂತು, ತಿಂಗಳುಗಟ್ಟಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನಷ್ಟೇ ನೋಡಬೇಕು. ಎರಡು ಬಗೆಯ ಎಕ್ಸ್‌ರೇಯಿಂದ ಎಲುಬು, ಸ್ನಾಯು, ಕೊಬ್ಬನ್ನು ಬೇರೆ ಬೇರೆಯಾಗಿ ತೋರಿಸುವ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಬಹಳ ನಿಖರ, ಆದರೆ ನಮ್ಮ ಪ್ರಶ್ನೆಗೆ ಅದು ಬೇಕಾಗಿರಲಿಲ್ಲ.

ನಿಜಕ್ಕೂ ತುರ್ತಿದ್ದದ್ದು ಅತ್ತೆಯವರ ವಿಷಯದಲ್ಲಿ, ಮತ್ತು ಮನೆಯಲ್ಲಿ ಎಲ್ಲರ ಕಣ್ಣೂ ಆ ಹೊಟ್ಟೆಯ ಮೇಲೇ ಇತ್ತು. ಬೊಜ್ಜಿನ ಬಗ್ಗೆ ಊರಿಡೀ ಮಾತಾಡುತ್ತದೆ, ಮುದುಕರು ಬಡವಾಗುವುದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತೇವೆ. ಅವರ 22.4 ಎಂಬ ಸಂಖ್ಯೆಯನ್ನು ನನ್ನ ವಿದ್ಯಾರ್ಥಿನಿ ಎಳೆ ಎಳೆಯಾಗಿ ಬಿಚ್ಚಿದಳು. ಮೊದಲನೆಯದು ಎತ್ತರ. ಬೆನ್ನು ಬಾಗಿ, ಬೆನ್ನುಮೂಳೆಯ ಮಣಿಗಳು ಕುಸಿದು, 78ರ ವಯಸ್ಸಿಗೆ ಅವರು ಕುಳ್ಳಾಗಿದ್ದರು. ಭಾಜಕ ಸಣ್ಣದಾದಷ್ಟೂ ಬಿಎಂಐ ಸುಳ್ಳಾಗಿ ಏರುತ್ತದೆ. ಹಾಗಿರುವಾಗ ಎರಡೂ ಕೈಗಳನ್ನು ಅಗಲಿಸಿ ಬೆರಳ ತುದಿಯಿಂದ ತುದಿಗೆ ಅಳೆದರೆ ಹರೆಯದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ, ಅವರಿಗೆ 152 ಬಂತು. ಎರಡನೆಯದು ಕಾಲಿನ ಊತ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಬಿಟ್ಟಾಗ ಕಡುಬಿನ ಹಿಟ್ಟಿನಲ್ಲಿ ಬೆರಳೊತ್ತಿದಂತೆ ಗುಳಿ ಬಿತ್ತು, ಹಾಗೇ ಉಳಿಯಿತು. ಅದು ತಕ್ಕಡಿಯಲ್ಲಿ ತೂಗುತ್ತಿದ್ದ ನೀರು. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯೇ ಅದಕ್ಕೆ ಕಾರಣವೆಂದು ಡಾಕ್ಟರು ಬದಲಿಸಿದ ಮೇಲೆ ಊತ ಇಳಿದು ತೂಕ 45.5ಕ್ಕೆ ಬಂತು. ಹೊಸ ಎತ್ತರ, ಹೊಸ ತೂಕ ಹಾಕಿ ನೋಡಿದರೆ ಬಿಎಂಐ 19.7. ತೋಳಿನ ನಡುಭಾಗದ ಸುತ್ತಳತೆ 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಬಿಎಂಐ 20ರ ಕೆಳಗಿರುವ ಸಾಧ್ಯತೆ ಹೆಚ್ಚು ಎಂದು ಬ್ರಿಟನ್ನಿನ ಕ್ರಮವೊಂದು ಹೇಳುತ್ತದೆ. ಟೈಲರ್ ಹೇಳಿದ 8½ ಇಂಚೆಂದರೆ 21.6 ಸೆಂಟಿಮೀಟರ್. ಟೈಲರ್ ತೋಳಿನ ತುದಿಯಲ್ಲಿ ಸ್ವಲ್ಪ ಸಡಿಲ ಬಿಟ್ಟು ಅಳೆಯುತ್ತಾರೆ, ಆಹಾರತಜ್ಞೆ ಹೆಗಲ ಎಲುಬಿನ ತುದಿಗೂ ಮೊಣಕೈ ತುದಿಗೂ ನಡುಮಧ್ಯವನ್ನು ಗುರುತಿಸಿ ಅಳೆಯುತ್ತಾಳೆ ಎಂಬ ವ್ಯತ್ಯಾಸವಿದೆ. ಅವಳ ಟೇಪಿನಲ್ಲಿ 21.4 ಬಂತು.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಇಳಿದ ವೇಗ. ದೀಪಾವಳಿಯ ಹೊತ್ತಿನ ಡಾಕ್ಟರ ಚೀಟಿಯಲ್ಲಿ ಅತ್ತೆಯ ತೂಕ 53 ಇತ್ತು. ಯುಗಾದಿಗೆ, ಊತದ ನೀರನ್ನೂ ಸೇರಿಸಿ, 47. ಐದು ತಿಂಗಳಲ್ಲಿ ಶೇ 11. ಮೂರರಿಂದ ಆರು ತಿಂಗಳಲ್ಲಿ ಬೇಕೆಂದು ಇಳಿಸದೆ ತೂಕದ ಶೇ 5ರಿಂದ 10 ಕಡಿಮೆಯಾದರೆ ಒಂದು ಅಂಕ, 10ಕ್ಕಿಂತ ಹೆಚ್ಚಾದರೆ ಎರಡು ಅಂಕ, ಒಟ್ಟು ಎರಡು ಬಂದರೆ ಹೆಚ್ಚಿನ ಅಪಾಯ ಎನ್ನುವುದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಪೌಷ್ಟಿಕತೆ ಹುಡುಕಲು ಬಳಸುವ ‘ಮಸ್ಟ್’ ಎಂಬ ಅದೇ ಕ್ರಮದ ಲೆಕ್ಕ. ಬಿಎಂಐ ಎಷ್ಟೇ ಚೆನ್ನಾಗಿದ್ದರೂ ಈ ಒಂದು ಪ್ರಶ್ನೆಯಿಂದಲೇ ಅತ್ತೆಯವರು ಅಪಾಯದ ಸಾಲಿಗೆ ಬರುತ್ತಿದ್ದರು. ಕೇಳಲು ಯಂತ್ರವೇ ಬೇಡ, ಹಳೆಯ ಚೀಟಿ ಸಾಕು. ಶಿಬಿರದಲ್ಲಿ ಯಾರೂ ಕೇಳಿರಲಿಲ್ಲ, ಮನೆಯಲ್ಲಿ ನಾನೂ ಕೇಳಿರಲಿಲ್ಲ.

ಸ್ನಾಯು ಎಷ್ಟು ಸೊರಗಿದೆ ಎಂದು ತಿಳಿಯಲು ಊತ ಇಳಿದ ಮೇಲೆ ಮೀನಖಂಡದ ಅತಿ ದಪ್ಪನೆಯ ಜಾಗ ಅಳೆದೆವು, 27 ಸೆಂಟಿಮೀಟರ್. ವಯಸ್ಸಾದವರ ಪೋಷಣೆಯನ್ನು ಅಂದಾಜಿಸುವ ಪಟ್ಟಿಯೊಂದರಲ್ಲಿ 31, ಏಷ್ಯಾದ ತಜ್ಞರ 2019ರ ಪಟ್ಟಿಯಲ್ಲಿ ಹೆಂಗಸರಿಗೆ 33 ಇರಬೇಕು. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಶಕ್ತಿ ಕುಂದಿದೆ ಎಂದರ್ಥ. ಅತ್ತೆಯವರು ಮೂರು ಸಲ ಎದ್ದು, ನಾಲ್ಕನೆಯದಕ್ಕೆ ನನ್ನ ಭುಜ ಹಿಡಿದರು. ಆಗ ನೆನಪಾಯಿತು, ಮಳೆಗಾಲ ಮುಗಿದಾಗಿನಿಂದ ತಮ್ಮ ಸೀರೆಯನ್ನು ಹಿಂಡದೆ ನೀರು ಸೋರುತ್ತಲೇ ಹಗ್ಗಕ್ಕೆ ಹಾಕುತ್ತಿದ್ದರು; ಸೋಮಾರಿತನವೆಂದು ನಾನು ಒಂದೆರಡು ಸಲ ಗೊಣಗಿದ್ದೂ ಉಂಟು.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2 ಬಂತು, ಹೆಂಗಸರಿಗೆ 12 ಇರಬೇಕು, ಬಿ12 ಕಡಿಮೆ. ಥೈರಾಯ್ಡ್, ಸಕ್ಕರೆ, ಎದೆಯ ಎಕ್ಸ್‌ರೇ ಎಲ್ಲ ಸರಿಯಿತ್ತು. ತೂಕ ತಾನಾಗಿ ಇಳಿದಾಗ ಇವನ್ನು ನೋಡಿಸದೆ ಬರಿ ಊಟ ಹೆಚ್ಚಿಸಿ ಕೂರಬಾರದು ಎಂದು ಡಾಕ್ಟರು ಗದರಿಯೇ ಹೇಳಿದ್ದರು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು 3.9 ಇತ್ತು, ಅದು ಸರಿಯೇ. ಆಲ್ಬುಮಿನ್ ಸರಿಯಿದ್ದರೆ ಪೋಷಣೆ ಸರಿಯಿದೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ, ಈಗ ಆ ಮಾತು ಹಳತಾಗಿದೆ. ಉಪವಾಸವಿದ್ದವರಲ್ಲೂ ಅದು ಬಹುಕಾಲ ಸರಿಯಾಗಿಯೇ ಇರಬಹುದು, ಚೆನ್ನಾಗಿ ಉಣ್ಣುವವರಲ್ಲೂ ಸೋಂಕು, ಉರಿಯೂತ ಬಂದರೆ ಇಳಿದುಬಿಡುತ್ತದೆ. ಅದು ಹೇಳುವುದು ಕಾಯಿಲೆಯ ಬಿರುಸನ್ನು, ತಟ್ಟೆಯಲ್ಲಿ ಏನಿತ್ತೆಂಬುದನ್ನಲ್ಲ.

ತಟ್ಟೆಯ ವಿಷಯಕ್ಕೆ ಬಂದರೆ, ಮಲೆನಾಡಿನಲ್ಲಿ ಎದುರು ಸಿಕ್ಕವರನ್ನೆಲ್ಲ “ಊಟ ಆಯ್ತಾ?” ಎಂದು ಕೇಳುತ್ತೇವೆ, “ಆಯ್ತು” ಎಂಬುದೊಂದೇ ಅದಕ್ಕೆ ಉತ್ತರ. ನನ್ನ ವಿದ್ಯಾರ್ಥಿನಿ ಹಾಗೆ ಕೇಳಲಿಲ್ಲ. ನಿನ್ನೆ ಎದ್ದಾಗಿನಿಂದ ಇಂದು ಏಳುವವರೆಗೆ ಬಾಯಿಗೆ ಹೋದದ್ದೇನು, ಯಾವ ಲೋಟದಲ್ಲಿ, ಯಾವ ಸೌಟಿನಲ್ಲಿ ಎಂದು ಅಡುಗೆಮನೆಯ ಪಾತ್ರೆಗಳನ್ನೇ ಮುಂದಿಟ್ಟುಕೊಂಡು ಅರ್ಧ ಗಂಟೆ ಕೇಳಿದಳು. ಬೆಳಿಗ್ಗೆ ಕಾಫಿ, ಒಂದು ಕಡುಬು, ಚಟ್ನಿ. ಮಧ್ಯಾಹ್ನ ಮೆತ್ತಗಿನ ಅನ್ನ, ಒಂದೆಲಗದ ತಂಬುಳಿ. ಸಂಜೆ ಕಾಫಿ, ಎರಡು ರಸ್ಕು. ರಾತ್ರಿ ಗಂಜಿ, ಉಪ್ಪಿನಕಾಯಿ, ಮಜ್ಜಿಗೆ. ಪ್ರೋಟೀನು ಲೆಕ್ಕ ಹಾಕಿದರೆ 25 ಗ್ರಾಂ ದಾಟಲಿಲ್ಲ. ಭಾರತೀಯರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂಬ ಶಿಫಾರಸಿನ ಪ್ರಕಾರವೇ ಅವರಿಗೆ 38 ಗ್ರಾಂ ಬೇಕು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಕೊಡಬೇಕೆಂದು ಹೇಳುವ ತಜ್ಞರೂ ಇದ್ದಾರೆ. ಯಾಕೆ ಹೀಗೆ ಎಂದು ಕೆದಕಿದಾಗ ಒಂದೊಂದೇ ಹೊರಬಂತು. ಮಾವನವರು ಹೋದ ಮೇಲೆ ಮೀನು, ಮಾಂಸ, ಮೊಟ್ಟೆ ಬಿಟ್ಟಿದ್ದರು, ಅದು ಗೊತ್ತಿತ್ತು. ಹಲ್ಲಿನ ಸೆಟ್ಟು ವಸಡಿಗೆ ಒತ್ತಿ ಹುಣ್ಣಾಗುತ್ತದೆಂದು ಅದನ್ನು ಡಬ್ಬಿಯಲ್ಲಿಟ್ಟು, ಹಲ್ಲಿಲ್ಲದೆ ನುಂಗಬಹುದಾದದ್ದನ್ನು ಮಾತ್ರ ತಿನ್ನುತ್ತಿದ್ದದ್ದು ಗೊತ್ತಿರಲಿಲ್ಲ. ರೊಟ್ಟಿ ಬೇಡ, ಪಲ್ಯ ಬೇಡ ಎಂದಾಗಲೆಲ್ಲ ನಾವು ಅವರ ರುಚಿ ಬದಲಾಗಿದೆ ಎಂದುಕೊಂಡಿದ್ದೆವು.

ಅದೇ ಕ್ರಮದಲ್ಲಿ ನಮ್ಮನೆಯವರನ್ನು ಕೇಳಿದಾಗ ಮೂರು ಹೊತ್ತಿನ ಊಟ ಬಿಟ್ಟರೆ ಏನೂ ಇಲ್ಲವೆಂದರು. ಸೊಸೈಟಿಯಲ್ಲಿ, ಮಂಡಿಯಲ್ಲಿ, ಸ್ನೇಹಿತರ ಜಗಲಿಯಲ್ಲಿ ಕುಡಿದ ಆರು ಸಕ್ಕರೆ ಕಾಫಿ, ಜೊತೆಗೆ ಬಂದ ಹಲಸಿನ ಚಿಪ್ಸು ಅವರ ಪ್ರಕಾರ ಆಹಾರವೇ ಅಲ್ಲ. ನೆನಪಿನ ಮೇಲೆ ನಡೆಯುವ ಈ ಲೆಕ್ಕದ ದೊಡ್ಡ ದೋಷವೇ ಇದು: ತಿನ್ನುವವರು ಕಡಿಮೆ ಹೇಳುತ್ತಾರೆ, ತಿನ್ನದವರು ತಿಂದೆವೆನ್ನುತ್ತಾರೆ.

ಹಲ್ಲಿನ ಸೆಟ್ಟನ್ನು ಹೊಸದಾಗಿ ಮಾಡಿಸಿದೆವು. ಹುರುಳಿ ಬೇಯಿಸಿ ಅರೆದ ದಪ್ಪ ಸಾರು, ಗಂಜಿಗೆ ಹೆಸರುಬೇಳೆ, ಎರಡು ಹೊತ್ತು ಗಟ್ಟಿ ಮೊಸರು, ಶೇಂಗಾ ಪುಡಿ, ಬಿ12 ಚುಚ್ಚುಮದ್ದು, ಕಬ್ಬಿಣದ ಮಾತ್ರೆ, ಕಾಫಿಯನ್ನು ಊಟದಿಂದ ಒಂದು ಗಂಟೆ ದೂರ ಇಡುವುದು, ದಿನಕ್ಕೆ ಎರಡು ಸಲ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಕೊನೆಯದಕ್ಕೆ ಮಾತ್ರ ದಿನವೂ ಜಗಳ. ತಿಂಗಳಿಗೊಮ್ಮೆ ತೂಕ, ತೋಳು, ಮೀನಖಂಡ ಅಳೆದು ಕ್ಯಾಲೆಂಡರಿನ ಹಿಂದೆ ಬರೆಯುತ್ತೇನೆ. ಎರಡು ತಿಂಗಳು ಸಂಖ್ಯೆ ಅಲುಗಲೇ ಇಲ್ಲ, ಆಮೇಲೆ ನಿಧಾನವಾಗಿ ಏರತೊಡಗಿತು. ಈ ದೀಪಾವಳಿಗೆ 49 ಕಿಲೋ, ಅದೂ ಊತವಿಲ್ಲದ ತೂಕ. ನಮ್ಮನೆಯವರ ಸೊಂಟ 95ರಿಂದ 92ಕ್ಕೆ ಇಳಿದು ಅಲ್ಲೇ ನಿಂತಿದೆ; ತೂಕ ಒಂದೂವರೆ ಕಿಲೋ ಇಳಿದಿದೆ; ಪ್ಯಾಂಟು ಈಗಲೂ ಮೂವತ್ನಾಲ್ಕೇ ಎಂದು ನೆಂಟರೆದುರು ಹೇಳುವುದು ನಿಂತಿಲ್ಲ.

ಹಬ್ಬದ ದಿನ ಅತ್ತೆಯವರು ಯುಗಾದಿಯಲ್ಲಿ ಹೊಲಿಸಿದ ರವಿಕೆ ತೊಟ್ಟುಕೊಂಡು ಒಳಗಿನಿಂದ ಕೂಗಿದರು. ತೋಳು ಬಿಗಿಯುತ್ತಿದೆಯಂತೆ, ಕೈ ಎತ್ತಲಾಗುತ್ತಿಲ್ಲವಂತೆ. “ಇಷ್ಟು ವರ್ಷ ಹೊಲ್ದೂ ಆ ಮಾರಾಯಂಗೆ ಅಳತೆ ತಗಳಕ್ಕೆ ಬರಲ್ಲ ಕಣೆ, ನಾಳೆ ಹೋಗಿ ಹೊಲಿಗೆ ಬಿಚ್ಚಿಸ್ಕಂಡು ಬಾ” ಎಂದರು.